ತೊಡೆಯ ಮೇಲಿನ ಲೆಕ್ಕ

ಅಡುಗೆಮನೆಯ ಬಾಗಿಲಲ್ಲಿ ನಿಂತು ವಿನಯಾ ಮಾತ್ರೆಯ ಎರಡು ಶೀಟುಗಳನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣು ಮುಟ್ಟುತ್ತ ಲೆಕ್ಕ ಹಾಕುತ್ತಿದ್ದಳು. ತುಟಿ ಬೇರೆ ಅಲ್ಲಾಡುತ್ತಿತ್ತು. ನೋಡುತ್ತ ಕೂತ ಶೇಖರನಿಗೆ ಮೈಯೆಲ್ಲ ಉರಿಯಿತು. ಒಂದು ಶೀಟಿಗೆ ಹದಿನೈದು ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಅರ್ಧ. ಇಷ್ಟಕ್ಕೆ ಈ ಹೆಂಗಸು ಒಂದು ಕೈಯ ಗೆಣ್ಣುಗಳನ್ನೆಲ್ಲ ಮುಗಿಸಿ ಇನ್ನೊಂದು ಕೈಗೆ ಬಂದಿದ್ದಾಳೆ. ಮದುವೆಯಾದ ಹೊಸತರಲ್ಲಿ ಇವಳಿಗೆ ಲೆಕ್ಕ ಕಲಿಸಬೇಕೆಂದು ಒಂದು ವಾರ ಕೂರಿಸಿಕೊಂಡು, ಎಂಟನೆಯ ದಿನ ಪುಸ್ತಕ ಎತ್ತಿ ಎಸೆದದ್ದು ನೆನಪಾಯಿತು. ಅವಳು ಅತ್ತಿರಲಿಲ್ಲ, ಪುಸ್ತಕ ಎತ್ತಿ ಕಪಾಟಿನ ಮೇಲಿಟ್ಟು ದೋಸೆ ಹೊಯ್ಯಲು ಹೋಗಿದ್ದಳು. ಅಲ್ಲಿಂದೀಚೆಗೆ ಮನೆಯ ಲೆಕ್ಕವೆಲ್ಲ ಅವನದು, ಕೇಳಿದ ಕೂಡಲೇ ಉತ್ತರ, ಉತ್ತರದ ಜೊತೆಗೆ ಒಂದು ಸಣ್ಣ ನಗೆ. ಆ ನಗೆಯನ್ನು ಅವಳು ಇಪ್ಪತ್ತು ವರ್ಷ ಹೇಗೆ ತಡೆದುಕೊಂಡಳೋ, ಅವನು ಒಮ್ಮೆಯೂ ಯೋಚಿಸಿದವನಲ್ಲ.

"ಇಷ್ಟ್ ಲೆಕ್ಕಕ್ ಗೆಣ್ಣ್ ಎಣಿಸ್ತ್ಯಲೆ. ನಿನ್ನನ್ ಪಾಸ್ ಮಾಡಿದ್ದ್ ಯಾರ್?" ಎಂದ.

"ಹಾಂಗಾರೆ ನೀವೇ ಹೇಳಿ. ಈ ಎರಡ್ ಶೀಟ್ ಎಷ್ಟ್ ದಿನಕ್ ಬತ್ತ್?"

ಅವನು ಶೀಟನ್ನು ಕೈಗೆ ತೆಗೆದುಕೊಂಡ. ಹಿಂಬದಿಯ ಬೆಳ್ಳಿ ಕಾಗದದ ಮೇಲೆ ಸಣ್ಣ ಅಕ್ಷರದಲ್ಲಿ 15 ಎಂದಿತ್ತು. ಒಂದು, ಐದು. ಅದು ಹದಿನೈದು. ಅಷ್ಟು ಗೊತ್ತು. ಅದರ ಮುಂದಕ್ಕೆ ಹೋಗಬೇಕೆಂದು ಕಾದ. ಏನೂ ಬರಲಿಲ್ಲ. ಬೆವರು ಬಂತು. "ನಿನ್ ಹತ್ರ ಫೋನಿಲ್ಯಾ?" ಎಂದು ಶೀಟನ್ನು ಮೇಜಿನ ಮೇಲೆ ಬಿಸಾಡಿದ.

"ಇತ್ತ್. ನಿಮ್ಮನ್ ಕೇಂಡ್ರೆ ಬೇಗ ಆತ್ತ್ ಅಂದೇಳಿ ಕೇಂಡೆ," ಎಂದು ಅವಳು ಮತ್ತೆ ಗೆಣ್ಣಿಗೆ ಹೋದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅವನು ಜಗಳ ಮಾಡಬಹುದಿತ್ತು. ನಂಬಿಕೆಯ ಜೊತೆ ಜಗಳ ಆಡುವುದು ಹೇಗೆ. ಸ್ವಲ್ಪ ಹೊತ್ತಿನ ಮೇಲೆ ಅವಳು ತನ್ನಷ್ಟಕ್ಕೆ "ಇಪ್ಪತ್ತ್ ದಿನಕ್ ಬತ್ತ್" ಎಂದಳು. ಆ ಉತ್ತರ ಸರಿಯೋ ತಪ್ಪೋ ಅವನಿಗೆ ಗೊತ್ತಾಗಲಿಲ್ಲ.

ಮಳೆಗಾಲ ಹಿಡಿಯುವ ಮೊದಲು ಒಂದು ಬೆಳಿಗ್ಗೆ ಹಲ್ಲುಜ್ಜುವ ಬ್ರಶ್ಶು ಅವನ ಬಲಗೈಯಿಂದ ತಾನಾಗಿಯೇ ಜಾರಿ ಬಿದ್ದಿತ್ತು. ಬಾಯಿಯ ಒಂದು ಬದಿ ಸ್ವಲ್ಪ ಇಳಿಯಿತು. ಆಸ್ಪತ್ರೆ, ಸ್ಕ್ಯಾನು, ಮಿದುಳಿನಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿದೆ ಎಂಬ ಮಾತು. ಒಂದು ವಾರದಲ್ಲಿ ಕೈ ಬಂತು, ಬಾಯಿ ನೆಟ್ಟಗಾಯಿತು. ನೋಡಲು ಬಂದವರೆಲ್ಲ ಮೂಸಂಬಿ ತಂದು, ಮಂಚದ ಪಕ್ಕ ಕೂತು, ತಮ್ಮ ತಮ್ಮ ಬಿಪಿ ಶುಗರಿನ ಪುರಾಣ ಹೇಳಿ, "ಪುಣ್ಯ ಮಾರಾಯ್ರೆ, ಎಂತಾಯ್ಲಿಲ್ಲ" ಎಂದು ಎದ್ದು ಹೋದರು. ಅವರಲ್ಲಿ ಯಾರಿಗೂ ಹನ್ನೆರಡರಾಚೆಯ ಮಗ್ಗಿ ಬಾರದು ಎಂದು ಅವನು ಮಲಗಿದಲ್ಲೇ ಮನಸ್ಸಿನಲ್ಲಿ ತೂಗಿ ನೋಡಿದ್ದ. ಎಲ್ಲ ಬಂತು, ಒಂದು ಬರಲಿಲ್ಲ. ಅದು ಯಾರಿಗೂ ಗೊತ್ತಿಲ್ಲ. 7 ಬರೆದರೆ ಏಳು ಎಂದು ಓದುತ್ತಾನೆ, 8 ಬರೆದರೆ ಎಂಟು. ಎರಡನ್ನೂ ಒಟ್ಟಿಗಿಟ್ಟು ಕೂಡಿಸು ಎಂದರೆ ಅವು ಬಸ್ಸಿನ ಒಂದೇ ಸೀಟಿನಲ್ಲಿ ಕೂತ ಗುರುತಿಲ್ಲದ ಇಬ್ಬರ ಹಾಗೆ ಒಂದು ಆಚೆ, ಒಂದು ಈಚೆ ಮುಖ ಮಾಡಿಬಿಡುತ್ತವೆ. ಬಾಯಲ್ಲಿ ಹೇಳಿದರೂ ಅಷ್ಟೆ. ಹದಿನೈದು ಎಂದು ಕಿವಿಗೆ ಬಿದ್ದ ತಕ್ಷಣ ತಲೆ ಅದನ್ನು 15 ಮಾಡಿ ನಿಲ್ಲಿಸುತ್ತದೆ. ನಲವತ್ತು ವರ್ಷದ ಅಭ್ಯಾಸ. ಮೊದಲು ಹಾಗೆ ನಿಂತ ಕ್ಷಣವೇ ಅವು ಕದಲುತ್ತಿದ್ದವು, ಕೂಡುತ್ತಿದ್ದವು, ಗುಣಿಸಿಕೊಳ್ಳುತ್ತಿದ್ದವು, ಅವನು ಉತ್ತರವನ್ನು ನೋಡಿ ಓದಿದರೆ ಆಯಿತು. ಈಗ ನಿಂತದ್ದು ನಿಂತೇ ಇರುತ್ತದೆ.

ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ಪ್ರಾಯದ ಡಾಕ್ಟರು ಬಂದು ಕಾಗದದ ಮೇಲೆ 100 ಎಂದು ಬರೆದು, ಏಳೇಳು ಕಳೆಯುತ್ತ ಹೋಗಿ ಸರ್ ಎಂದಿದ್ದ. ತೊಂಬತ್ತಮೂರು ಎಂದ ಶೇಖರ. ಅದು ಲೆಕ್ಕವಲ್ಲ, ಬಾಯಿಗೆ ಬಂದದ್ದು. ಅಲ್ಲಿಂದ ಮುಂದೆ ಗೋಡೆ. ಡಾಕ್ಟರು ಪೆನ್ನು ಹಿಡಿದು ಕಾಯುತ್ತಿದ್ದ. "ನಾನು ಮಕ್ಕಳಿಗೆ ಇಂಟಿಗ್ರೇಶನ್ ಕಲಿಸುವವನು ಡಾಕ್ಟ್ರೆ. ಇಂಥ ಪ್ರಶ್ನೆ ಕೇಳಿ ನನಗೆ ಅವಮಾನ ಮಾಡಬೇಡಿ" ಎಂದು ಶೇಖರ ಮುಖ ತಿರುಗಿಸಿದ. ಆ ಹುಡುಗ ಕೆಂಪಾಗಿ, ಸಾರಿ ಸರ್ ಎಂದು ನಕ್ಕು, ಕಾಗದ ಮಡಚಿ ಮುಂದಿನ ಮಂಚಕ್ಕೆ ಹೋದ. ತಾತ್ಸಾರ ಇಷ್ಟು ಕೆಲಸಕ್ಕೆ ಬರುತ್ತದೆಂದು ಅಲ್ಲಿಯತನಕ ಅವನಿಗೂ ತಿಳಿದಿರಲಿಲ್ಲ. ಮುಂದೆ ಅದನ್ನೇ ಹಿಡಿದುಕೊಂಡು ಇಷ್ಟು ದಿನ ಬಂದಿದ್ದ. ಯಾರಾದರೂ ಏನಾದರೂ ಕೇಳಿದರೆ ಹುಬ್ಬು ಮೇಲೆತ್ತಿದರೆ ಸಾಕು, ಕೇಳಿದವರು ತಾವೇ ನಾಚಿ ಸುಮ್ಮನಾಗುತ್ತಿದ್ದರು.

ಇವತ್ತು ಹುಬ್ಬಿನಿಂದ ಆಗುವ ಕೆಲಸವಲ್ಲ. ಇವತ್ತು ಕಾಲೇಜಿಗೆ ಮರಳುವ ದಿನ. ನಿನ್ನೆ ಪ್ರಿನ್ಸಿಪಾಲ ರತೀಶ್ ಫೋನು ಮಾಡಿದ್ದ. ವಯಸ್ಸಿನಲ್ಲಿ ಶೇಖರನಿಗಿಂತ ಹತ್ತು ವರ್ಷ ಚಿಕ್ಕವ, ಎಂಬಿಎ ಓದಿ ಬಂದು ನೇರ ಕುರ್ಚಿಯ ಮೇಲೆ ಕೂತವ, ಗಣಿತವೆಂದರೆ ಶೇಕಡಾವಾರು ಫಲಿತಾಂಶ ಎಂದುಕೊಂಡವ. "ಸರ್, ನಾಳೆ ಒಂದ್ ಕ್ಲಾಸ್ ಮಾಡಿ ಕಾಣಿ. ಹಿಂದಿನ್ ಬೆಂಚಗ್ ನಾನೂ ಸೌಮ್ಯಶ್ರೀ ಮೇಡಮ್ಮೂ ಕೂಕಂತೊ. ಎಂತ ಇಲ್ಲ, ನಿಮ್ಗ್ ಸುಸ್ತ್ ಆತ್ತಾ ಕಾಂಬುಕೆ. ಆತ್ತ್ ಅಂದ್ರೆ ಸಿಇಟಿ ಬ್ಯಾಚ್ ಮೇಡಮ್ಮೇ ಮುಂದುವರ್ಸ್ಲಿ. ನೀವ್ ಲೈಬ್ರರಿ ಕಾಣ್ಕಣಿ, ಆರಾಮ." ಲೈಬ್ರರಿ. ಆ ಕಾಲೇಜಿನಲ್ಲಿ ಲೈಬ್ರರಿಗೆ ಹೋಗುವುದು ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಸಂಸ್ಥೆಗೆ ಬೇಡವಾದವರನ್ನು ಗೆದ್ದಲಿಗೆ ಒಪ್ಪಿಸಿ ಬರುವ ಜಾಗ ಅದು. ಸೌಮ್ಯಶ್ರೀ ಮೂರು ವರ್ಷದ ಹಿಂದೆ ಸೇರಿದ ಹುಡುಗಿ. ಅವನ ರಜೆಯಲ್ಲಿ ಅವನ ತರಗತಿ ತೆಗೆದುಕೊಂಡಿದ್ದಳು. ಪ್ರತಿ ಹೆಜ್ಜೆಯನ್ನೂ ಬೋರ್ಡಿನ ಮೇಲೆ ಬರೆದು ತೋರಿಸುವವಳು, ಏಳು ಎಂಟಲಿ ಐವತ್ತಾರು ಎಂಬುದನ್ನೂ ಬದಿಯಲ್ಲಿ ಬರೆಯುವವಳು. ಮಕ್ಕಳಿಗೆ ಅರ್ಥವಾಗುತ್ತದಂತೆ. ಅರ್ಥವಾಗುವುದು ದಡ್ಡರ ಸಮಾಧಾನ ಎಂದು ಶೇಖರ ಸ್ಟಾಫ್‌ರೂಮಿನಲ್ಲಿ ಅವಳಿಗೆ ಕೇಳುವ ಹಾಗೆಯೇ ಹೇಳಿದ್ದುಂಟು.

ಅವನ ತರಗತಿ ಯಾವತ್ತೂ ಬಾಯಿಲೆಕ್ಕದಿಂದ ಶುರು. ಮಕ್ಕಳಲ್ಲಿ ಒಬ್ಬ ಬಂದು ಬೋರ್ಡಿನ ಮೇಲೆ ಬೇಕಾದ ಎರಡು ಸಂಖ್ಯೆ ಬರೆಯಬೇಕು, ಸೀಮೆಸುಣ್ಣ ಕೆಳಗಿಡುವುದರೊಳಗೆ ಇವನು ಗುಣಲಬ್ಧ ಹೇಳಬೇಕು. ಎಂಟ್ರೆನ್ಸಿನ ಜಾಹೀರಾತಿನಲ್ಲಿ ಅವನ ಫೋಟೋದ ಕೆಳಗೆ ಅದನ್ನೇ ಹಾಕುತ್ತಿದ್ದರು. ಇವತ್ತೂ ಬರೆಯುತ್ತಾರೆ. ಹಿಂದಿನ ಬೆಂಚಿನಲ್ಲಿ ಆ ಇಬ್ಬರು ಕೂತಿರುತ್ತಾರೆ.

"ಹೋಯ್ ಬತ್ತೆ" ಎಂದು ಚಪ್ಪಲಿ ಮೆಟ್ಟಿದ. "ನಿಧಾನ ಮಾಡಿ. ಯಾರ್ ಹತ್ರೂ ಗರ್ಮ್ ಆಪ್ಕಾಗ, ಸಿಟ್ಟ್ ಒಳ್ಳೇದಲ್ಲ," ಎಂದಳು ವಿನಯಾ. ಅವಳ ಕಾಳಜಿಯಲ್ಲೂ ಒಂದು ದಡ್ಡತನ ಇದೆ ಎಂದುಕೊಂಡು ಗೇಟು ದಾಟಿದ.

ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನ ಬಸ್ಸು ನಿಲ್ಲುವಲ್ಲಿ ನಿಂತು ಅವನು ಹರಕೆ ಹೊತ್ತವನಂತೆ ಒಂದೊಂದೇ ನಂಬರ್ ಪ್ಲೇಟು ನೋಡಿದ. ಇದು ಹುಡುಗನಾಗಿದ್ದಾಗಿನ ಚಟ: ಗಾಡಿಯ ನಾಲ್ಕು ಅಂಕಿಯನ್ನು ನಡುವೆ ಮುರಿದು ಎರಡು ಸಂಖ್ಯೆ ಮಾಡಿ ಗುಣಿಸುವುದು. ವಂಡ್ಸೆಯ ಬಸ್ಸು ಬಂತು, 4812. ನಲವತ್ತೆಂಟು ಹನ್ನೆರಡಲಿ. ಇಲ್ಲ. ಬೈಂದೂರಿನ ಬಸ್ಸು ಬಂತು. ಇಲ್ಲ. "ಉಡ್ಪಿ ಉಡ್ಪಿ ಉಡ್ಪಿ, ಸೀಟಿತ್ತ್, ಹತ್ತಿನಿ" ಎಂದು ಕಂಡಕ್ಟರ್ ಬಾಗಿಲು ಬಡಿದ. ಶೇಖರ ಹತ್ತಲಿಲ್ಲ. ಸುತ್ತ ನಿಂತ ಜನ ಎಷ್ಟು ನೆಮ್ಮದಿಯಿಂದ ಇದ್ದಾರೆ ಎಂದು ನೋಡಿ ಅವರ ಮೇಲೆ ಹೇಸಿಗೆಯಾಯಿತು. ಇವರಿಗೆ ಲೆಕ್ಕ ಯಾವತ್ತೂ ಬರುತ್ತಿರಲಿಲ್ಲ, ಆದ್ದರಿಂದ ಇವರಿಗೆ ಕಳೆದುಕೊಳ್ಳುವ ಭಯವೂ ಇಲ್ಲ. ತಾನೀಗ ಇವರಲ್ಲಿ ಒಬ್ಬ ಎಂಬ ಯೋಚನೆ ಬಂದದ್ದೇ ಅವರಿಂದ ಎರಡು ಹೆಜ್ಜೆ ದೂರ ಸರಿದ. ವಾಪಸು ಹೋಗಿಬಿಡಲೇ, ತಲೆಸುತ್ತು ಬಂತು ಎಂದು ಫೋನು ಮಾಡಲೇ ಎಂದು ಜೇಬಿಗೆ ಕೈ ಹಾಕಿದ.

ಆಗ ಸರಕಾರಿ ಬಸ್ಸೊಂದು ಬಂದು ಅವನ ಮೂಗಿನ ಎದುರೇ ನಿಂತಿತು. ಅದರ ಪಕ್ಕೆಯ ಮೇಲೆ ದಪ್ಪ ಬಣ್ಣದಲ್ಲಿ ಬರೆದಿತ್ತು: ೩೬೨೪. ಓದಬೇಕೆಂದು ಓದಿದ್ದಲ್ಲ. ಮೂವತ್ತಾರು ಇಪ್ಪತ್ತನಾಲ್ಕಲಿ ಎಂಟುನೂರ ಅರವತ್ತನಾಲ್ಕು ಎಂದು ಯಾರೋ ಒಳಗಿಂದ ಹೇಳಿದರು. ಅವನು ಬಸ್ಸಿನ ತಗಡಿಗೆ ಕೈ ಊರಿ ನಿಂತ. ಮತ್ತೆ ನೋಡಿದ. ೩೬, ೨೪. ಅವು ಕದಲುತ್ತಿದ್ದವು. ೪ರ ಕೆಳಗಿನ ಕುಣಿಕೆ, ೩ರ ಬೆನ್ನು, ಎಲ್ಲ ಒಂದನ್ನೊಂದು ಗುರುತು ಹಿಡಿದು, ಮಾತಾಡಿ, ಉತ್ತರ ಕೊಡುತ್ತಿದ್ದವು. "ಹ್ವಾಯ್, ಹತ್ತುದಾರೆ ಹತ್ತಿ, ಬಸ್ ಕಾಂಬುದಾರೆ ಬದಿಗ್ ನಿಲ್ಲಿ," ಎಂದು ಹಿಂದಿನಿಂದ ಯಾರೋ ತಳ್ಳಿದರು. ಹತ್ತಿ ಕಿಟಕಿಯ ಬದಿ ಕೂತ. ಬಲಗೈಯ ತೋರುಬೆರಳು ತಾನಾಗಿಯೇ ತೊಡೆಯ ಮೇಲೆ ಹೋಗಿ ೪೮ ಬರೆಯಿತು, ಅದರ ಕೆಳಗೆ ೧೨. ಐನೂರ ಎಪ್ಪತ್ತಾರು.

ಆ ಬೆರಳನ್ನು ತೊಡೆಯ ಮೇಲೆ ಇಟ್ಟದ್ದು ಚೆನ್ನಯ್ಯ ಮಾಸ್ಟ್ರು. ಹುಟ್ಟೂರು ಕೆರಾಡಿಯ ಕನ್ನಡ ಶಾಲೆಯಲ್ಲಿ ಸ್ಲೇಟು ಒಡೆದು ತಂದವರಿಗೆ, ಮಳೆಗೆ ನೆನೆಸಿ ತಂದವರಿಗೆ, ಸ್ಲೇಟೇ ಇಲ್ಲದವರಿಗೆ ಎಲ್ಲ ಒಂದೇ ಮದ್ದು: ಚಡ್ಡಿ ಮೇಲೆತ್ತು, ತೊಡೆಯ ಮೇಲೆ ಬರಿ. ಬೆರಳಿನಿಂದ ಬರೆದು ಆದ ಮೇಲೆ ಬಾಯಿ ತೆರೆಯಬೇಕು, ಅದಕ್ಕೆ ಮೊದಲು ತೆರೆದರೆ ಬರೆದ ಜಾಗಕ್ಕೇ ಏಟು. ಸಾಲಾಗಿ ಕೂತ ಮಕ್ಕಳೆಲ್ಲ ತಲೆ ತಗ್ಗಿಸಿ ತೊಡೆ ಕೆರೆದುಕೊಳ್ಳುತ್ತಿರುವಂತೆ ಕಾಣುತ್ತಿತ್ತು. ಮುಂದೆ ಕುಂದಾಪುರದ ಇಂಗ್ಲಿಷ್ ಶಾಲೆಗೆ ಸೇರಿದ ದಿನ ಲೆಕ್ಕದ ಸರ್ ಕನ್ನಡ ಅಂಕಿ ತುಂಬಿದ ಅವನ ಪುಸ್ತಕ ಎತ್ತಿ ಹಿಡಿದು, ಇದೆಂಥ ಜಿಲೇಬಿ ಹೊಯ್ದಿದ್ದಿ ಎಂದು ಇಡೀ ಕ್ಲಾಸಿಗೆ ತೋರಿಸಿದ್ದರು. ನಲವತ್ತು ಮಕ್ಕಳು ನಕ್ಕರು. ರಾತ್ರಿಯೊಳಗೆ ಅವನು 1ರಿಂದ 9ರವರೆಗೆ ತಿದ್ದಿ ತಿದ್ದಿ ಕೈ ಬದಲಿಸಿದ್ದ. ಆ ಅಂಕಿಯನ್ನೂ ತಾತ್ಸಾರವನ್ನೂ ಒಂದೇ ದಿನ ಕಲಿತ, ಎರಡರಲ್ಲೂ ಕ್ಲಾಸಿಗೆ ಮೊದಲಿಗನಾದ. ಈಗ, ಐವತ್ತು ದಾಟಿದ ಮೇಲೆ, ಆ ಜಿಲೇಬಿಯೇ ಬಂದು ಕಾಪಾಡಬೇಕೆಂದರೆ ಅವನಿಗೆ ಸಂತೋಷವಾಗಲಿಲ್ಲ. ತನ್ನ ಮನೆಗೆ ತಾನೇ ಹಿತ್ತಿಲ ಬಾಗಿಲಿನಿಂದ ನುಗ್ಗಿದ ಹಾಗಾಯಿತು. ಕಾಯಿಲೆಯ ಬಗ್ಗೆ ಇಲ್ಲದ ನಾಚಿಕೆ ಈ ಮದ್ದಿನ ಬಗ್ಗೆ ಆಯಿತು.

ಆದರೂ ಬೆರಳು ನಿಲ್ಲಲಿಲ್ಲ. ಕೋಟೇಶ್ವರ ದಾಟಿತು, ತೆಕ್ಕಟ್ಟೆ ದಾಟಿತು. ಎದುರು ಬಂದ ಗಾಡಿಗಳ ಪ್ಲೇಟು ನೋಡುವುದು, ಅದನ್ನು ತೊಡೆಗೆ ಇಳಿಸುವುದು, ಇಳಿಸಿದ ಕೂಡಲೇ ಉತ್ತರ. ನೋಡಿದ್ದನ್ನು ಬದಲಿಸಲು ಒಂದು ಗಳಿಗೆ ಹೆಚ್ಚು ಬೇಕು, ಅಷ್ಟೆ. ಆ ಒಂದು ಗಳಿಗೆಯನ್ನು ಹೇಗೆ ಮುಚ್ಚುವುದು ಎಂದು ಯೋಚಿಸುತ್ತಿದ್ದಾಗ ಪಕ್ಕದಲ್ಲಿ ಕೂತ ಮುದುಕ ಬಗ್ಗಿ ಅವನ ತೊಡೆ ನೋಡಿದ. "ತುರಿಕೆಯಾ?" ಎಂದ, ತುಂಬ ಕನಿಕರದಿಂದ. "ನಂಗೂ ಇದ್ದಿತ್ತ್ ಮಾರಾಯ್ರೆ, ಇದೇ ಜಾಗದಗೆ. ಕೆರ್ಕಂಬುಕಾಗ, ಹೆಚ್ಚಾತ್ತ್. ಒಂದ್ ಎಣ್ಣೆ ಇತ್ತ್, ಹೆಸ್ರ್ ಹೇಳ್ತೆ, ಬರ್ಕಣಿ." ಮುಂದಿನ ಸೀಟಿನ ಇಬ್ಬರು ಹುಡುಗಿಯರು ತಿರುಗಿ ನೋಡಿ ಬಾಯಿ ಮುಚ್ಚಿಕೊಂಡು ನಕ್ಕರು. ಶೇಖರ ಬ್ಯಾಗನ್ನು ತೊಡೆಯ ಮೇಲೆಳೆದುಕೊಂಡು ಕಿಟಕಿಯಾಚೆ ಮುಖ ಮಾಡಿದ. ಮುದುಕ ಬಿಡಲಿಲ್ಲ, ಸಾಲಿಗ್ರಾಮದವರೆಗೂ ಎಣ್ಣೆ ಕಾಯಿಸುವ ಕ್ರಮ ಹೇಳಿದ. ಇಳಿಯುವಾಗ ಅವನ ಭುಜ ತಟ್ಟಿ, "ನಾಚ್ಕಂಬುದ್ ಬ್ಯಾಡ, ಎಲ್ಲಾರಿಗೂ ಬತ್ತ್," ಎಂದು ಹೋದ.

ಕಾಲೇಜು ಬ್ರಹ್ಮಾವರಕ್ಕಿಂತ ಸ್ವಲ್ಪ ಈಚೆ, ಹೆದ್ದಾರಿಯ ಬದಿಗೇ ಇತ್ತು. ಸ್ಟಾಫ್‌ರೂಮಿನಲ್ಲಿ ಎಲ್ಲರೂ ಎದ್ದು ನಿಂತು ಕೈ ಕುಲುಕಿದರು, ತೆಳ್ಳಗಾದ್ರಿ ಎಂದರು, ಒಳ್ಳೆಯದೇ ಆಯ್ತು ಎಂದರು. ಸೌಮ್ಯಶ್ರೀ ತಾನು ಮಾಡಿದ ಪಾಠಗಳ ವಿವರ ಹೇಳಲು ಬಂದಳು. "ಅಷ್ಟೇನಾ ಮುಗಿದದ್ದು?" ಎಂದ ಅವನು. ಅವಳು ಸುಮ್ಮನೆ ತಲೆಯಾಡಿಸಿದಳು. ಅವಳ ಕಣ್ಣಿನಲ್ಲಿ ಕೋಪ ಇರಲಿಲ್ಲ, ಅಯ್ಯೋ ಎನ್ನುವಂಥದ್ದೇನೋ ಇತ್ತು. ತನ್ನ ಅರ್ಧ ಪ್ರಾಯದ, ಬೆರಳಲ್ಲಿ ಎಣಿಸುವವರ ಮೇಲೆ ಅನುಕಂಪ ಇರುವ ಈ ಹುಡುಗಿ ತನ್ನನ್ನೂ ಆ ಪಟ್ಟಿಗೆ ಸೇರಿಸಿಬಿಟ್ಟಳೇ ಎಂದು ಅವನಿಗೆ ಒಮ್ಮೆಲೆ ಅನಿಸಿತು. ಇವಳಿಗೇನಾದರೂ ಗೊತ್ತಿದೆಯೇ? ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದರೆ ಹೇಗೆ?

ತರಗತಿಯ ಬಾಗಿಲಿಗೆ ಮಕ್ಕಳು ಬಲೂನು ಕಟ್ಟಿದ್ದರು. ವೆಲ್‌ಕಮ್ ಬ್ಯಾಕ್ ಸರ್ ಎಂದು ಒಟ್ಟಿಗೆ ಕೂಗಿದರು. ಹಿಂದಿನ ಬೆಂಚಿನಲ್ಲಿ ರತೀಶ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ, ಪಕ್ಕದಲ್ಲಿ ಸೌಮ್ಯಶ್ರೀ. ಶೇಖರ ಬಲಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಮೇಜಿಗೆ ಒರಗಿ ನಿಂತ. ಜೇಬಿನ ತೆಳ್ಳಗಿನ ಬಟ್ಟೆಯಾಚೆ ಬೆರಳಿಗೆ ತೊಡೆ ಸಿಕ್ಕಿತು. ಹಾಗೆ ನಿಂತರೆ ಅಹಂಕಾರಿಯಂತೆ ಕಾಣುತ್ತದೆ ಎಂದು ಅವನಿಗೆ ಗೊತ್ತಿತ್ತು. ಯಾವತ್ತೂ ಅಹಂಕಾರಿಯಂತೆಯೇ ಕಂಡವನಾದ್ದರಿಂದ ಯಾರಿಗೂ ಅದರಲ್ಲಿ ಹೊಸತೇನೂ ಕಾಣಲಿಲ್ಲ.

ಮುಂಬಯಿಯಲ್ಲಿ ನಾಲ್ಕು ಹೋಟೆಲಿರುವವರ ಮಗ ಮಿಥುನ್ ಕರೆಯುವ ಮೊದಲೇ ಎದ್ದು ಬಂದು ಬೋರ್ಡಿನ ಮೇಲೆ ದೊಡ್ಡದಾಗಿ 47 × 68 ಎಂದು ಬರೆದ. ಬಿಳಿಯ ಅಂಕಿಗಳು ಕಲ್ಲಿನ ಹಾಗೆ ನಿಂತವು. ಜೇಬಿನೊಳಗೆ ಶೇಖರನ ಬೆರಳು ಹೊರಟಿತು, ೪೭, ಅದರ ಕೆಳಗೆ ೬೮. "ಬೋರ್ಡಿನಲ್ಲಿ ಇಷ್ಟು ದೊಡ್ಡದಾಗಿ ಬರೆಯುವುದಕ್ಕೆ ಇದೇನು ಕಣ್ಣಾಸ್ಪತ್ರೆಯಾ?" ಎಂದ. ಮಕ್ಕಳು ನಕ್ಕರು. ಆ ನಗೆಯ ಮರೆಯಲ್ಲಿ ಬೇಕಾದ ಗಳಿಗೆ ಸಿಕ್ಕಿತು. ಮೂರು ಸಾವಿರದ ನೂರ ತೊಂಬತ್ತಾರು ಎಂದು ಒಳಗೆ ಬಂದದ್ದನ್ನು ಇಂಗ್ಲಿಷಿಗೆ ತಿರುಗಿಸಿ, "ಥ್ರೀ ಥೌಸಂಡ್ ಒನ್ ಹಂಡ್ರೆಡ್ ಆಂಡ್ ನೈಂಟಿ ಸಿಕ್ಸ್" ಎಂದ, ಗಡಿಯಾರ ನೋಡುತ್ತ. ಮಿಥುನ್ ಕ್ಯಾಲ್ಕುಲೇಟರ್ ಒತ್ತಿ ಕೈ ಮೇಲೆತ್ತಿದ. ಚಪ್ಪಾಳೆ ಬಿತ್ತು. ರತೀಶ್ ಎಲ್ಲರಿಗಿಂತ ಜೋರಾಗಿ ತಟ್ಟಿದ, ಮತ್ತೆ ಸೌಮ್ಯಶ್ರೀಯ ಕಡೆ ತಿರುಗಿ, "ನೀವೂ ಒಂದ್ ಕೊಡಿ ಮೇಡಂ," ಎಂದ. ಅವಳು ಬೇಡವೆಂದಳು, ಒತ್ತಾಯಕ್ಕೆ ಎದ್ದು ನಿಂತು ಎಂಬತ್ತೊಂಬತ್ತು, ಎಪ್ಪತ್ತಾರು ಎಂದಳು. ಶೇಖರ ಅವಳನ್ನೇ ನೋಡುತ್ತ, "ಸ್ವಲ್ಪ ಕಷ್ಟದ್ದು ಕೊಡಬಹುದಿತ್ತಲ್ಲ," ಎಂದು ನಿಧಾನವಾಗಿ ಹೇಳಿದ. ಹೇಳಿ ಮುಗಿಯುವುದರೊಳಗೆ ತೊಡೆಯ ಮೇಲೆ ಆರು ಸಾವಿರದ ಏಳುನೂರ ಅರವತ್ತನಾಲ್ಕು ಬಂದಿತ್ತು. ಅದನ್ನು ಹೇಳಿದ, ಅದೂ ಸರಿಯಾಯಿತು. ಗೆದ್ದೆ ಎಂದುಕೊಂಡ.

ಆಗಲೇ ಅವನ ಕಣ್ಣು ಮುಂದಿನ ಬೆಂಚಿಗೆ ಬಿತ್ತು. ಅಲ್ಲಿ ಕೂತವಳು ಮೋಕ್ಷಿತಾ, ಬೈಂದೂರು ಕಡೆಯ ಮೀನುಗಾರರ ಮನೆಯ ಹುಡುಗಿ, ಹತ್ತನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿ ಹೋದ ವರ್ಷ ಸ್ಕಾಲರ್‌ಶಿಪ್ಪಿನ ಮೇಲೆ ಬಂದವಳು. ಕೂತವಳ ಕಣ್ಣಿನ ನೇರಕ್ಕೆ ಅವನ ಜೇಬು ಇತ್ತು. ಅವಳು ಅದನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದ? ಅವಳು ತಲೆ ಎತ್ತಿದಳು, ಅವನ ಮುಖ ನೋಡಿದಳು, ಸಣ್ಣಗೆ ನಕ್ಕಳು. ಅದು ಅಣಕದ ನಗೆಯಲ್ಲ. ಪೇಟೆಯ ಗದ್ದಲದಲ್ಲಿ ತನ್ನ ಊರಿನವರೊಬ್ಬರು ಕಂಡರೆ ನಗುತ್ತಾರಲ್ಲ, ಅಂಥದ್ದು. ಅವನಿಗೆ ಅದು ಅಣಕಕ್ಕಿಂತ ಕೆಟ್ಟದ್ದಾಗಿ ಕಂಡಿತು. ಜೇಬಿನಿಂದ ಕೈ ತೆಗೆದ.

ಪಾಠಕ್ಕೆ ಇಳಿದ. ಹದಿನೇಳು ಹುಡುಗರು, ಇಪ್ಪತ್ತನಾಲ್ಕು ಹುಡುಗಿಯರು, ಒಬ್ಬ ಹುಡುಗನನ್ನೂ ಒಬ್ಬಳು ಹುಡುಗಿಯನ್ನೂ ಎಷ್ಟು ರೀತಿಯಲ್ಲಿ ಆರಿಸಬಹುದು. 17 × 24 ಎಂದು ಬೋರ್ಡಿನ ಮೇಲೆ ಬರೆದು, "ಮೋಕ್ಷಿತಾ" ಎಂದ. ಯಾಕೆ ಅವಳ ಹೆಸರೇ ಬಾಯಿಗೆ ಬಂತೆಂದು ಅವನಿಗೆ ಗೊತ್ತಿತ್ತು. ಅವಳು ಎದ್ದು ನಿಂತಳು. ಹೆದರಿದಂತೆ ಕಾಣಲಿಲ್ಲ, ಇವತ್ತು ಏನೋ ಧೈರ್ಯ ಬಂದವಳ ಹಾಗೆ, ತುಟಿಯಲ್ಲಿ ಹದಿನೇಳ್, ಇಪ್ಪತ್ನಾಲ್ಕ್ ಎಂದು ಮೆಲ್ಲಗೆ ಹೇಳಿಕೊಳ್ಳುತ್ತ, ಬೆರಳಿನಿಂದ ಬೆಂಚಿನ ಹಲಗೆಯ ಮೇಲೆ ಬರೆಯತೊಡಗಿದಳು. ಎಲ್ಲರಿಗೂ ಕಾಣುವ ಹಾಗೆ. ಅವನು ನಿಂತಲ್ಲಿಂದ ನೋಡಿದ: ೧, ೭, ೨. ಮತ್ತೆ ೪, ಕುಣಿಕೆಯನ್ನು ಕೆಳಗಿನಿಂದ ಸುತ್ತಿ ಮೇಲೆ ಬಿಟ್ಟು, ತಾನು ಬರೆಯುವ ಹಾಗೆಯೇ. ಹಿಂದಿನ ಬೆಂಚಿನಲ್ಲಿ ರತೀಶ್ ಕುತ್ತಿಗೆ ಉದ್ದ ಮಾಡಿ ಅವಳ ಬೆರಳು ನೋಡಿದ, ನೋಡಿ ಶೇಖರನ ಮುಖ ನೋಡಿದ. ಸೌಮ್ಯಶ್ರೀಯೂ ನೋಡಿದಳು. ಈಗ ಇವರಿಗೆ ಹೊಳೆಯುತ್ತದೆ ಎಂದು ಶೇಖರನಿಗೆ ಅನಿಸಿತು. ಈ ಹುಡುಗಿಯ ಬೆರಳಿನಿಂದ ಅವರ ಕಣ್ಣು ನೇರ ನನ್ನ ಜೇಬಿಗೆ ಬರುತ್ತದೆ.

"ಎಂತ ಅದು, ಬೆಂಚಿನ ಧೂಳು ಒರಸುವುದಾ?" ಎಂದ. ಕ್ಲಾಸು ನಕ್ಕಿತು. ಅವಳ ಬೆರಳು ನಿಂತಿತು. ಸಾಕಾಗಲಿಲ್ಲ ಅವನಿಗೆ. "ಇಂಥ ಮಂತ್ರ ಮಾಟವೆಲ್ಲ ನಿಮ್ಮ ಕಡಲ ಬದಿಯಲ್ಲಿ ಇಟ್ಟು ಬಾ. ಎಂಟ್ರೆನ್ಸ್ ಹಾಲಿನಲ್ಲಿ ಹೀಗೆ ಮಣಮಣ ಮಾಡಿದರೆ ಎತ್ತಿ ಹೊರಗೆ ಹಾಕುತ್ತಾರೆ." ನಗೆ ಇನ್ನೂ ಜೋರಾಯಿತು. ರತೀಶ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಗೆ ಮೈಗೆ ತಾಗುತ್ತಿದ್ದ ಹಾಗೆ ಶೇಖರನಿಗೆ ತಿಂಗಳುಗಳಿಂದ ಹೋಗಿದ್ದ ಬಲ ಬಂದಂತಾಯಿತು. ಬೆನ್ನು ನೆಟ್ಟಗಾಯಿತು, ಧ್ವನಿ ತನ್ನದಾಯಿತು. ಲೆಕ್ಕ ಸರಿಯಾದಾಗಲೂ ಇಷ್ಟು ಸುಖವಾಗಿರಲಿಲ್ಲ. ಥೂ, ಎಂಥ ಮನುಷ್ಯ ನಾನು ಎಂದು ಒಳಗೊಂದು ಮಾತು ಬಂತು. ಆ ಮಾತಿಗೂ ಸುಖದ ಬಿಸಿ ಹತ್ತಿತ್ತು. ಸೌಮ್ಯಶ್ರೀ ಮಾತ್ರ ನಗಲಿಲ್ಲ. ಅವಳು ಎದ್ದು ಯಾರಿಗೂ ಹೇಳದೆ ಹಿಂದಿನ ಬಾಗಿಲಿನಿಂದ ಹೋದಳು.

ರತೀಶ್ ಕಣ್ಣೊರಸಿಕೊಳ್ಳುತ್ತ ಮುಂದೆ ಬಂದು ಕೈ ಕೊಟ್ಟ. "ಕಾಣೂದೆಂತ ಇತ್ತ್ ಸರ್. ನೀವ್ ಮುಂಚಿನ್ ಹಾಂಗೇ ಇದ್ರಿ, ಒಂಚೂರೂ ಬದಲಾಯ್ಲಿಲ್ಲ. ಬ್ಯಾಚ್ ನಿಮ್ದೇ," ಎಂದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡ.

ಈಗ ಮಕ್ಕಳು ಬಿಟ್ಟರೆ ಯಾರೂ ಇಲ್ಲ. ಮೋಕ್ಷಿತಾ ಇನ್ನೂ ನಿಂತಿದ್ದಳು. ಬೋರ್ಡಿನ ಮೇಲೆ 17 × 24 ಹಾಗೆಯೇ ಇತ್ತು. "ಹೇಳು," ಎಂದ ಅವನು, ಈಗ ಮೆತ್ತಗೆ. ಅವಳು ಕೈಗಳೆರಡನ್ನೂ ಹಿಂದೆ ಕಟ್ಟಿಕೊಂಡಿದ್ದಳು. ತುಟಿ ಬಿಗಿದಿತ್ತು. ಬೋರ್ಡು ನೋಡುತ್ತಿದ್ದಳು. "ಗೊತ್ತಿತ್ತಲ್ಲ ನಿನಗೆ," ಎಂದ.

"ಗೊತ್ತಿದ್ದಿತ್ ಸರ್. ಈಗ ಬತ್ತಿಲ್ಲೆ," ಎಂದಳು. "ಇನ್ನ್ ಹಾಂಗ್ ಮಾಡುದಿಲ್ಲ ಸರ್. ಇಂಗ್ಲಿಷಗೇ ಮಾಡ್ತೆ."

ಅವಳ ಕಣ್ಣು 17ರ ಮೇಲೆ ಹೋಯಿತು, 24ರ ಮೇಲೆ ಹೋಯಿತು, ಮತ್ತೆ 17ಕ್ಕೆ ಬಂತು. ಅಲ್ಲಿ ಏನು ಆಗುತ್ತಿದೆ ಎಂದು ಈ ಇಡೀ ಕಟ್ಟಡದಲ್ಲಿ ಅವನೊಬ್ಬನಿಗೆ ಗೊತ್ತಿತ್ತು. ಎರಡೂ ಓದಲು ಬರುತ್ತವೆ. ಎರಡೂ ನಿಂತಿವೆ. ಅವುಗಳ ನಡುವೆ ಏನೂ ಇಲ್ಲ. ಇಷ್ಟು ದಿನ ತನ್ನ ತಲೆಯೊಳಗೆ ಇದ್ದದ್ದನ್ನು ತಾನೇ ಎತ್ತಿ ಆ ಹುಡುಗಿಯ ತಲೆಯಲ್ಲಿ ಇಟ್ಟಿದ್ದೇನೆ, ಅವಳಿಗೆ ರಕ್ತನಾಳವೂ ಕಟ್ಟಬೇಕಾಗಲಿಲ್ಲ. ನಾನೂ ಹಾಗೆಯೇ ಮಾಡುವುದು, ಬರಿ ಎಂದು ಹೇಳಿದರೆ ಆಯಿತು. ಆ ಮಾತು ನಾಲಿಗೆಯ ತುದಿಗೆ ಬಂತು. ಮಕ್ಕಳೆಲ್ಲ ಅವನನ್ನೇ ನೋಡುತ್ತಿದ್ದರು, ಇನ್ನೊಂದು ತಮಾಷೆಗಾಗಿ ಆಗಲೇ ಬಾಯಿ ಅರಳಿಸಿಕೊಂಡು.

"ನೆಕ್ಸ್ಟ್," ಎಂದ.

ಮೋಕ್ಷಿತಾ ಕೂತಳು. ಮಿಥುನ್ ಎದ್ದ. ಏಳುವ ಮೊದಲು ಅವನು ಬೆಂಚಿನ ಕೆಳಗೆ ಕ್ಯಾಲ್ಕುಲೇಟರ್ ಒತ್ತಿದ್ದು ಶೇಖರನಿಗೆ ಸ್ಪಷ್ಟವಾಗಿ ಕೇಳಿಸಿತು.

"ಫೋರ್ ಹಂಡ್ರೆಡ್ ಆಂಡ್ ಎಯ್ಟ್, ಸರ್."

"ವೆರಿ ಗುಡ್," ಎಂದು ಶೇಖರ ಬೋರ್ಡಿಗೆ ತಿರುಗಿ ಅದನ್ನು ಬರೆದ.